ಖಾಲಿ ಜಾಗದ ಬೋರ್ಡು

ನನ್ನ ತಮ್ಮ ವಕೀಲ. ಊಟಕ್ಕೆ ಕರೆದರೆ ಊಟ ಮಾಡಿ ಸುಮ್ಮನೆ ಹೋಗುವ ಪೈಕಿಯಲ್ಲ. ಕೈ ತೊಳೆಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಏನೇನು ಸರಿಯಿಲ್ಲ ಎಂದು ಹೇಳಿ ಮುಗಿಸಿರುತ್ತಾನೆ. ಆ ಭಾನುವಾರ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಕೈ ಒರೆಸಿಕೊಳ್ಳುತ್ತಾ ಹಿತ್ತಲಿನಾಚೆಯ ನಮ್ಮ ಖಾಲಿ ಜಾಗವನ್ನು ನೋಡಿದ. ನೋಡುತ್ತಿದ್ದ ಹಾಗೆಯೇ ಒಬ್ಬ ಹೆಂಗಸು ಚೀಲ ಹಿಡಿದು ಅದನ್ನು ಅಡ್ಡಹಾಯ್ದು ಹೋದಳು. ಅವಳ ಹಿಂದೆ ಸೈಕಲ್ ತಳ್ಳಿಕೊಂಡು ಒಬ್ಬ ಹೋದ.

“ಇವರೆಲ್ಲ ಯಾರಕ್ಕ?”

“ಯಾರೋ. ಬಸ್ಸಿಗೆ ಹೋಗೋರು.”

“ನಿಮ್ಮ ಜಾಗದಲ್ಲಿ?”

“ನಡೆದ್ರೆ ಜಾಗ ಏನು ಸವೆದು ಹೋಗುತ್ತಾ?”

ಅವನು ಟವೆಲ್ ಪಕ್ಕಕ್ಕಿಟ್ಟ. ಅವನು ಟವೆಲ್ ಪಕ್ಕಕ್ಕಿಟ್ಟನೆಂದರೆ ಭಾಷಣ ಶುರುವಾಯಿತು ಎಂದೇ ಲೆಕ್ಕ.

“ಖಾಲಿ ಜಾಗ ತಾನೇ ಅಂತ ನೀವು ಆರಾಮಾಗಿ ಕೂತಿದ್ದೀರ. ನಾಳೆ ಅಲ್ಲಿ ಯಾರಾದ್ರೂ ಬಿದ್ದು ಕೈಕಾಲು ಮುರ್ಕೊಂಡ್ರೆ ನಿಮ್ಮ ತಲೆಗೇ ಬರೋದು. ಕೇಳದೆ ನುಗ್ಗಿದೋನು ಬಿದ್ರೂ ಬರಬಹುದು. ಅಪಾಯ ಇದೆ ಅಂತ ಗೊತ್ತಿದ್ದೂ ಸುಮ್ಮನಿದ್ರಿ ಅಂತಾರೆ. ಆ ತೊಟ್ಟಿ ಇನ್ನೂ ಹಾಗೇ ಇದೆಯಾ?”

ಇತ್ತು. ಆ ಜಾಗದಲ್ಲಿ ಹಿಂದೆ ಐಸ್ ಫ್ಯಾಕ್ಟರಿ ಇತ್ತು. ಕಟ್ಟಡ ಕೆಡವಿದರೂ ನೆಲದೊಳಗಿನ ನೀರಿನ ತೊಟ್ಟಿಯನ್ನು ಯಾರೂ ಮುಚ್ಚಿರಲಿಲ್ಲ, ಮೇಲೆ ಕಲ್ಲು ಚಪ್ಪಡಿ ಹಾಸಿ ಬಿಟ್ಟಿದ್ದರು. ನನ್ನ ಗಂಡ ಬೋರ್ಡು ಬರೆಯುವವರು. ದೊಡ್ಡ ದೊಡ್ಡ ಬೋರ್ಡುಗಳನ್ನು ನಿಲ್ಲಿಸಿ ಬರೆಯಲು ಒಂದು ಶೆಡ್ ಬೇಕು ಎಂದು ಇಬ್ಬರೂ ಹೊಟ್ಟೆಬಟ್ಟೆ ಕಟ್ಟಿ ಆ ಜಾಗ ಕೊಂಡಿದ್ದೆವು. ಶೆಡ್ಡಿಗೆ ಮೊದಲು ಫ್ಲೆಕ್ಸ್ ಬಂತು. ಕುಂಚ ಹಿಡಿದು ಬರೆಸಿಕೊಳ್ಳುವವರು ಅಪರೂಪವಾದರು. ಶೆಡ್ ಕಟ್ಟುವುದು ಹಾಗೇ ಉಳಿಯಿತು. ಮಾರಿದರೆ ಮುಪ್ಪಿಗೆ ಆದೀತು ಎಂಬ ಧೈರ್ಯಕ್ಕೆ ಜಾಗ ಇಟ್ಟುಕೊಂಡೆವು. ನಮ್ಮದು ಎಂದು ಹೇಳಿಕೊಳ್ಳಲು ಈ ಬಾಡಿಗೆ ಮನೆಯ ಪಾತ್ರೆಪಡಗ ಬಿಟ್ಟರೆ ಅದೊಂದೇ ಇದ್ದದ್ದು.

ತಮ್ಮ ಹೇಳಿದ್ದು ತಪ್ಪಲ್ಲ. ಸುತ್ತ ಬೇಲಿ ಹಾಕಿ, ಗೇಟಿಗೆ ಬೀಗ ಜಡಿಯಿರಿ, ತೊಟ್ಟಿಗೆ ಮಣ್ಣು ತುಂಬಿಸಿ, ಬೋರ್ಡು ನಿಲ್ಲಿಸಿ, ಆಗಾಗ ಹೋಗಿ ಕಣ್ಣಾಡಿಸಿ, ಇಷ್ಟಾದ ಮೇಲೆ ವಿಮೆಯವರನ್ನು ಕರೆಯಿರಿ, ಅವರು ಬಂದು ನೋಡಿ ಒಪ್ಪಿಕೊಳ್ಳುತ್ತಾರೆ ಎಂದ. ಒಂದೊಂದೂ ಸರಿಯಾದ ಮಾತೇ. ಅವನ ಮೇಲೆ ನನಗೆ ಸಿಟ್ಟು ಬರುವುದು ಅವನು ತಪ್ಪು ಹೇಳಿದಾಗಲ್ಲ.

ಬೋರ್ಡು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಗಂಡನ ಬೆನ್ನು ನೆಟ್ಟಗಾಯಿತು. ಬೇಲಿಯವರನ್ನು ಕರೆಸಿದರು, ನಮ್ಮ ಹಿತ್ತಲಿನ ಕಡೆಯೊಂದು ಬಿಟ್ಟು ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದರು, ನಿಜ. ಆದರೆ ಅವರ ಜೀವವೆಲ್ಲ ಬೋರ್ಡಿನಲ್ಲಿತ್ತು. ದಪ್ಪ ತಗಡು ತಂದು, ಉಜ್ಜಿ, ಹಳದಿ ಬಳಿದು, ಅದರ ಮೇಲೆ ಕೆಂಪಕ್ಷರ: ಎಚ್ಚರಿಕೆ, ಖಾಸಗಿ ಜಾಗ, ಒಳಗೆ ಹಳೆಯ ತೊಟ್ಟಿ ಇದೆ, ಪ್ರವೇಶವಿಲ್ಲ. ಮದುವೆಯಲ್ಲಿ ನನ್ನ ಮುಖವನ್ನೂ ಅಷ್ಟು ಹೊತ್ತು ನೋಡಿರಲಾರರು.

ಉಳಿದ ಕೆಲಸ ಒಂದಕ್ಕೊಂದು ಕಾಲು ಕಟ್ಟಿಕೊಂಡು ಕೂತಿತು. ಗೇಟು ಮಾಡುವ ವೆಲ್ಡಿಂಗ್ ಅಂಗಡಿಯವನು ನಾಳೆ ಬನ್ನಿ ಎನ್ನುವುದನ್ನೇ ಕಸುಬು ಮಾಡಿಕೊಂಡಿದ್ದ. ಗೇಟಿನ ಅಳತೆ ಗೊತ್ತಾಗದೆ ಮಣ್ಣಿನ ಲಾರಿಯವನು ಬರುವುದಿಲ್ಲ ಎಂದ. ಅಲ್ಲಿಯವರೆಗೆ, ಜಾಗದ ಆಚೆ ಬದಿಯಲ್ಲಿ ಶಾಲೆಯ ಬಸ್ಸುಗಳು ನಿಲ್ಲುವ ಬಸ್ ಶೆಡ್ಡಿನ ಕಡೆ, ಬೇಲಿಯಲ್ಲಿ ಗೇಟಿಗೆಂದು ಬಿಟ್ಟ ಕಿಂಡಿಗೆ ಅಡ್ಡಲಾಗಿ, ಎರಡು ಕಂಬಗಳ ಕೊಕ್ಕೆಗೆ ಆ ಬೋರ್ಡನ್ನೇ ತಂತಿ ಬಿಗಿದು ತೂಗುಹಾಕಿದರು. ಬೋರ್ಡೂ ಅದೇ, ಗೇಟೂ ಅದೇ. ಕಲ್ಲುಕಂಬ ಇಳಿಸುವಾಗ ಆಳುಗಳು ತೊಟ್ಟಿಯ ಒಂದು ಚಪ್ಪಡಿಯ ಮೇಲೆ ಅವನ್ನು ಪೇರಿಸಿಟ್ಟಿದ್ದರು, ಅದು ಕದಲಿ ಅಂಚಿನಲ್ಲಿ ಮಾತ್ರ ನಿಂತಿತ್ತು. ಹೇಗೂ ತುಂಬಿಸುತ್ತೇವಲ್ಲ ಎಂದು ಅದನ್ನು ಹಾಗೇ ಬಿಟ್ಟೆವು.

ಆ ಜಾಗದಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವರು ಹಾರ್ನ್ ಅಣ್ಣ. ಶಾಲೆಯ ಬಸ್ಸಿನ ಡ್ರೈವರ್. ಬಸ್ಸಿನ ಹಾರ್ನ್ ಕೆಟ್ಟರೂ ಗಂಟಲಲ್ಲೇ ಊರು ದಾಟಿಸುವಂಥ ದನಿ, ಅದಕ್ಕೇ ಆ ಹೆಸರು. ಬೆಳಿಗ್ಗೆ ಬಸ್ ಶೆಡ್ಡಿನಲ್ಲಿ ಗಾಡಿ ತೊಳೆಸಿಟ್ಟು, ನಮ್ಮ ಜಾಗ ದಾಟಿ, ಅಡುಗೆಮನೆಯ ಕಿಟಕಿಯ ಸರಳಿಗೆ ಕೀಗೊಂಚಲು ಬಡಿಯುತ್ತಿದ್ದರು. ನಾನು ಮೂರು ಲೋಟ ಟೀ ಇಟ್ಟಿರುತ್ತಿದ್ದೆ. ಅವರೂ ನನ್ನ ಗಂಡನೂ ಹಿತ್ತಲ ಕಟ್ಟೆಯ ಮೇಲೆ ಕೂತು ಇಡೀ ಲೋಕವನ್ನು ಬೈದು ಟೀ ಮುಗಿಸುತ್ತಿದ್ದರು. ನನಗೆ ಒಡಹುಟ್ಟಿದ ಅಣ್ಣ ಇಲ್ಲ. ಇವರನ್ನು ಅಣ್ಣಾ ಎಂದು ಕರೆದದ್ದು ಬರೀ ಬಾಯಿಮಾತಿಗಲ್ಲ.

ಬೋರ್ಡು ನೇತುಹಾಕಿದ ದಿನ ನನ್ನ ತಮ್ಮನೂ ಇದ್ದ. ಹಾರ್ನ್ ಅಣ್ಣ ಆ ಕಡೆಯಿಂದ ಬಂದು, ಸೊಂಟಕ್ಕೆ ಕೈಕೊಟ್ಟು ಓದಿದರು.

“ಅಕ್ಷರ ಮುತ್ತಿನ ಹಾಗಿವೆ ಕಣಯ್ಯಾ. ಆದ್ರೆ ಪ್ರವೇಶ ಇಲ್ಲದೆ ಇರೋದು ಯಾರಿಗೆ? ನನಗೂನಾ?”

ನನ್ನ ಗಂಡ ನಕ್ಕು ಏನೋ ಹೇಳಲು ಹೊರಟರು. ತಮ್ಮ ಕೆಮ್ಮಿದ. ಒಬ್ಬರಿಗೆ ಬಿಟ್ಟರೆ ಊರಿಗೆಲ್ಲ ಬಿಟ್ಟ ಹಾಗೆ ಎಂದು ಅವನು ಮೊದಲೇ ತಲೆ ತಿಂದಿದ್ದ.

“ಎಲ್ಲರಿಗೂ ಅಂದ್ರೆ ಎಲ್ಲರಿಗೂನಪ್ಪ,” ಎಂದರು ನನ್ನ ಗಂಡ. “ಸುತ್ತಿ ಬಾ. ಬೀದಿ ಕಡೆ ಬಾಗಿಲು ಇದ್ದೇ ಇದೆಯಲ್ಲ.”

“ಸರಿ ಬಿಡು, ಧಣಿಗಳ ಅಪ್ಪಣೆ,” ಎಂದು ಅವರೂ ನಕ್ಕರು. ನಗು ಕಣ್ಣಿಗೆ ಏರಲಿಲ್ಲ.

ಸುತ್ತಿ ಬಂದರೆ ಬೀದಿ ಬಳಸಿ ಬರಬೇಕು, ಅವರ ಬಸ್ಸಿಗೆ ಹೊತ್ತಾಗುತ್ತಿತ್ತು. ಅದೊಂದು ನೆಪವೂ ಇರಬಹುದು. ಮುನಿಸು ಎಂದು ಬಾಯಿಬಿಟ್ಟು ಹೇಳುವ ಮನುಷ್ಯ ಅವರಲ್ಲ, ಬರುವುದನ್ನು ಮಾತ್ರ ನಿಲ್ಲಿಸಿದರು. ರಸ್ತೆಯಲ್ಲಿ ಸಿಕ್ಕರೆ ಬಸ್ಸಿನಿಂದಲೇ ಕೈ ಎತ್ತುತ್ತಿದ್ದರು, ಗುರುತಿದ್ದವರಿಗೆಲ್ಲ ಎತ್ತುವ ಹಾಗೆ. ಕೆಲವು ದಿನ ನಾನು ಅಭ್ಯಾಸಬಲದಿಂದ ಮೂರು ಲೋಟ ಇಟ್ಟೆ. ಆರಿದ ಟೀಯನ್ನು ಚೆಲ್ಲುವಾಗೆಲ್ಲ ಗಂಡನ ಮೇಲೆ ರೇಗುತ್ತಿದ್ದೆ.

“ಒಂದ್ಸಲ ಹೋಗಿ ಕರೀರಿ. ಮುಖ ಊದಿಸ್ಕೊಂಡಿದ್ದಾರೆ.”

“ಗೇಟ್ ಬರ್ಲಿ. ಬೀಗದ ಇನ್ನೊಂದು ಕೀ ಅವನಿಗೇ ಕೊಟ್ಟುಬಿಡ್ತೀನಿ. ತೊಟ್ಟಿ ಮುಚ್ಚಿದ ಮೇಲೆ ಯಾರ ಭಯ?”

“ಅದನ್ನೇ ಅವರಿಗೆ ಹೇಳಬಹುದಲ್ಲ?”

“ಕೊಟ್ಟೇ ಹೇಳ್ತೀನಿ.”

ಈ ಮನುಷ್ಯನಿಗೆ ಎಲ್ಲವೂ ಪೂರ್ತಿಯಾಗಿ ಒಣಗಿದ ಮೇಲೇ ಹೊರಗೆ ಬರಬೇಕು. ಗೇಟು ಬರಲಿಲ್ಲ. ನಾನು ಎರಡು ಲೋಟಕ್ಕೆ ಇಳಿದೆ. ಓಡಾಟ ನಿಂತ ಜಾಗದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದು ಕಾಲುದಾರಿಯನ್ನೂ ಚಪ್ಪಡಿಗಳನ್ನೂ ಮುಚ್ಚಿತು.

ಅಷ್ಟರಲ್ಲಿ ಬೋರ್ಡಿನ ಕೆಂಪು ಕೆಟ್ಟಿತು. ಅಂಗಡಿಯವನು ಕೊಟ್ಟ ಬಣ್ಣ ಕಳಪೆಯೋ ಏನೋ, ಬಿಸಿಲಿಗೆ ಮಾಸಿ ಅಕ್ಷರದ ಅಂಚು ಮಸುಕಾಯಿತು. ಓದಲು ಏನೂ ತೊಂದರೆ ಇರಲಿಲ್ಲ. ಬಸ್ ಶೆಡ್ಡಿನ ಆ ತುದಿಯಿಂದಲೂ ಓದಬಹುದಿತ್ತು. ಆದರೆ ನನ್ನ ಗಂಡ ದಿನಾ ಕಿಟಕಿಯಲ್ಲಿ ನಿಂತು ಹಲ್ಲುನೋವು ಬಂದವರಂತೆ ಮುಖ ಮಾಡುತ್ತಿದ್ದರು. ಅವರು ಬರೆದ ಅಂಗಡಿ ಬೋರ್ಡುಗಳನ್ನು ಮಾಲೀಕರೇ ಸಾಕು ಎಂದರೂ ಬಿಡದೆ ಏಣಿ ಹಾಕಿ ಮತ್ತೆ ತಿದ್ದಿದ್ದುಂಟು. ಇದು ಸ್ವಂತ ಜಾಗದ ಬೋರ್ಡು. ಒಂದು ಸಂಜೆ ತಂತಿ ಬಿಚ್ಚಿ, ತಲೆಯ ಮೇಲೆ ಹೊತ್ತು ಮನೆಗೆ ತಂದೇಬಿಟ್ಟರು.

“ಕಿಂಡಿಗೆ ಏನಾದ್ರೂ ಅಡ್ಡ ಹಾಕಿದ್ರಾ?” ಎಂದು ಕೇಳಿದೆ.

“ಒಂದೇ ಕೋಟು. ನಾಳೆ ಮಧ್ಯಾಹ್ನಕ್ಕೆ ಒಣಗುತ್ತೆ. ಈಗ ಅಲ್ಲಿ ಯಾರು ಹೋಗ್ತಾರೆ, ಹುಲ್ಲು ಬೆಳೆದಿರೋದು ನೋಡಿದ್ದೀಯಲ್ಲ?”

ನನಗೂ ಹೌದೆನ್ನಿಸಿತು.

ಮರುದಿನ ಬೆಳಿಗ್ಗೆ ಟೀಗೆ ನೀರಿಟ್ಟು ಸ್ಟವ್ ಹಚ್ಚುತ್ತಿದ್ದೆ. ಕಲ್ಲು ಮಗುಚಿದ ಸದ್ದು, ಅದರ ಹಿಂದೆಯೇ ಆ ದನಿ. ಬೀದಿಗೆಲ್ಲ ಗೊತ್ತಿದ್ದ ಆ ದನಿ ಹಾಗೆ ಕೂಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನನ್ನ ಗಂಡ ಕೈಯಲ್ಲಿ ಕೆಂಪು ಕುಂಚ ಹಿಡಿದೇ ಓಡಿದರು. ಶೆಡ್ಡಿನ ಮೆಕ್ಯಾನಿಕ್‌ಗಳು ಏಣಿ ತಂದು ಇಳಿದರು. ತೊಟ್ಟಿಯ ತಳದಲ್ಲಿ ಕೊಚ್ಚೆ ನೀರು, ಅದರಲ್ಲಿ ಹಾರ್ನ್ ಅಣ್ಣ, ಬಲಗಾಲ ಮಂಡಿಯ ಮೇಲೆ ಚಪ್ಪಡಿ. ಮೇಲೆತ್ತುವಾಗ ಅವರು ನನ್ನ ಗಂಡನ ಕೈ ನೋಡಿ, “ರಕ್ತಾನಾ? ನಿನಗೇನಾಯ್ತೋ?” ಎಂದು ಕೇಳಿದರು.

ಆಂಬುಲೆನ್ಸ್ ಹೋದ ಮೇಲೆ ನಾನೇ ತಮ್ಮನಿಗೆ ಫೋನ್ ಮಾಡಿದೆ. ಯಾಕೆ ಮಾಡಿದೆ ಎಂದರೆ ಹೆದರಿಕೆಯಿಂದ. ಜಾಗ ಹೋಗುತ್ತದೆ ಎಂಬ ಹೆದರಿಕೆ, ಗೆಳೆಯ ಆಸ್ಪತ್ರೆಗೆ ಹೋದ ಬೆನ್ನಿಗೇ ನನ್ನ ಎದೆಯೊಳಗೆ ಬಂದು ಕೂತಿತ್ತು. ನಾಚಿಕೆಯೂ ಜೊತೆಗೇ ಕೂತಿತ್ತು. ಎರಡೂ ಒಂದನ್ನೊಂದು ಎಬ್ಬಿಸಲಿಲ್ಲ.

ತಮ್ಮ ಬಂದವನೇ ಕಿಂಡಿ ನೋಡಿದ, ಮನೆಗೆ ಬಂದು ಗೋಡೆಗೆ ಒರಗಿಸಿದ್ದ ಬೋರ್ಡು ನೋಡಿದ, ಬಾಗಿಲು ಹಾಕಿದ.

“ಭಾವ, ಇದನ್ನ ಈಗಲೇ ಹೋಗಿ ಹಾಕಿ.”

“ಒಣಗಿಲ್ಲ,” ಎಂದರು ನನ್ನ ಗಂಡ. ಅವರು ನೆಲದ ಮೇಲೆ ಕೂತಿದ್ದರು. ಕುಂಚ ಇನ್ನೂ ಕೈಯಲ್ಲೇ ಇತ್ತು.

“ಒಣಗಿಲ್ಲ ಅಂತಾರಲ್ಲಕ್ಕ ಇವರು. ಬೇಲಿ ಇತ್ತು, ಬೋರ್ಡ್ ಇತ್ತು, ಅದನ್ನ ದಾಟಿ ಒಳಗೆ ಬಂದ್ರು ಅಂದ್ರೆ ತಪ್ಪು ಬಹುಪಾಲು ಅವರದ್ದು. ಬೋರ್ಡ್ ಇರ್ಲಿಲ್ಲ, ಕಿಂಡಿ ತೆರೆದಿತ್ತು, ಚಪ್ಪಡಿ ಕದಲಿದ್ದು ನಿಮಗೆ ಗೊತ್ತಿತ್ತು ಅಂದ್ರೆ, ಆ ಜಾಗದ ಆಸೆ ಬಿಡಿ. ವಿಮೆ ಬೇರೆ ಇನ್ನೂ ಆಗಿಲ್ಲ.”

“ನೋಡಿದೋರು ಇದ್ದಾರೆ,” ಎಂದರು ನನ್ನ ಗಂಡ.

“ಅವರೆಲ್ಲ ಏಣಿ ತರೋ ಗಡಿಬಿಡೀಲಿದ್ರು. ಇನ್ನೊಂದು ಮಾತು. ಆಸ್ಪತ್ರೆಗೆ ಹೋಗಬೇಡಿ. ಹಣ್ಣುಗಿಣ್ಣು ತಗೊಂಡು ಹೋಗೋದು, ಕ್ಷಮಿಸಪ್ಪ ಅನ್ನೋದು, ಅದೆಲ್ಲ ತಪ್ಪು ಒಪ್ಕೊಂಡ ಹಾಗೆ. ಯಾರೇ ಕೇಳಿದ್ರೂ ನನ್ನ ಕಡೆ ಕಳಿಸಿ.”

ನನ್ನ ಗಂಡ ಏಳಲಿಲ್ಲ. ತಮ್ಮನೇ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ನಾನು ಹಿಡಿದೆ. ತೂಗುಹಾಕಿ ಬರುವಾಗ ಅವನ ಬಿಳಿ ಅಂಗಿಯ ತೋಳಿಗೂ ನನ್ನ ಅಂಗೈಗೂ ಕೆಂಪು ಮೆತ್ತಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದೆ. ಬೆರಳ ಸಂದಿಯದ್ದು ಹೋಗಲಿಲ್ಲ.

ಆಮೇಲಿನ ದಿನಗಳಲ್ಲಿ ನನ್ನ ಗಂಡ ಕೆಲಸಕ್ಕೆ ಹೋಗಲಿಲ್ಲ. ಊಟಕ್ಕೆ ಕರೆದರೆ ಬಂದು ಕೂರುತ್ತಿದ್ದರು, ಎದ್ದು ಹೋಗುತ್ತಿದ್ದರು. ಒಮ್ಮೆ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದರು. “ಬೇಡ ಅಂದಿದ್ದಾನಲ್ಲ ರೀ,” ಎಂದೆ. ಚಪ್ಪಲಿ ಬಿಟ್ಟರು. ಅವರು ನನ್ನ ಮಾತು ಮೀರಿ ಹೋಗಬಾರದೇ ಎಂದು ನನಗೆ ಒಳಗೊಳಗೇ ಕೋಪ ಬಂತು. ತಡೆದವಳೂ ನಾನೇ, ನಿಂತದ್ದಕ್ಕೆ ಕೋಪಗೊಂಡವಳೂ ನಾನೇ.

ಹಾರ್ನ್ ಅಣ್ಣನ ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ತಾಯಿ ಇಲ್ಲದ ಹುಡುಗಿ. ಚಿಕ್ಕಂದಿನಲ್ಲಿ ಜಡೆ ಹಾಕಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಿದ್ದಳು. ಅವಳು ಬಂದು ಬಾಗಿಲಲ್ಲಿ ನಿಂತಾಗ ಒಳಗೆ ಬಾ ಎನ್ನದೆ ಬಾಗಿಲ ಚಿಲಕ ಹಿಡಿದೇ ನಿಂತೆ.

“ಜಗಳಕ್ಕೆ ಬಂದಿಲ್ಲ ಆಂಟಿ. ಒಂದು ವಿಷಯ ಕೇಳಿ ಹೋಗ್ತೀನಿ,” ಎಂದಳು. “ಅಪ್ಪನ ಮಂಡಿ ಇನ್ಮೇಲೆ ಸರಿಯಾಗಿ ಮಡಚಲ್ವಂತೆ. ಬ್ರೇಕ್ ಒತ್ತೋ ಕಾಲು. ಸ್ಕೂಲಿನವರು ಬೇರೆ ಡ್ರೈವರ್ ನೋಡ್ಕೊಂಡಾಯ್ತು. ಪೊಲೀಸಿನವರು ಬಂದು ಕೇಳಿದಾಗ ಅಪ್ಪ ಹೇಳಿದ್ದು ಏನು ಗೊತ್ತಾ? ಬೋರ್ಡ್ ಇತ್ತು, ನಾನೇ ಕೊಕ್ಕೆ ಬಿಚ್ಚಿ ಒಳಗೆ ಬಂದೆ, ತಪ್ಪು ನಂದೇ ಅಂತ. ಹಾಗೇ ಬರ್ಕೊಂಡು ಹೋದ್ರು.”

ಒಳಗಿನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

“ನನ್ನಪ್ಪ ಖಾಲಿ ರಸ್ತೇಲೂ ಕೆಂಪು ದೀಪಕ್ಕೆ ನಿಲ್ಲೋರು. ಪ್ರವೇಶ ಇಲ್ಲ ಅಂತ ಬರೆದಿದ್ರೆ ಅವರು ಬಿಚ್ಚಿಕೊಂಡು ಬರ್ತಾರಾ? ನೀವೇ ಹೇಳಿ ಆಂಟಿ. ಅವತ್ತು ಬೋರ್ಡ್ ಇತ್ತಾ?”

ತಮ್ಮ ಕಲಿಸಿದ್ದು ಬಾಯಿಗೆ ಬಂತು. “ನನ್ನ ತಮ್ಮನ್ನ ಕೇಳಮ್ಮ,” ಎಂದೆ. ನನ್ನ ಬಾಯಿಂದಲೇ ಬಂದ ಆ ಮಾತು ಕೇಳಿ ನನಗೇ ಅಸಹ್ಯವಾಯಿತು.

ಅವಳು ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. “ಆಯ್ತು. ಇನ್ನೊಂದು. ವಾರ್ಡಿನ ಬಾಗಿಲು ಅಲ್ಲಾಡಿದಾಗೆಲ್ಲ ಅಂಕಲ್ ಬಂದ್ರಾ ನೋಡು ಅಂತಾರೆ. ಬಂದು ಮುಖ ತೋರಿಸಿದ್ರೆ ಸಾಕಿತ್ತು. ಹೇಳದೆ ಕೇಳದೆ ಅವನ ಜಾಗಕ್ಕೆ ಕಾಲಿಟ್ಟೆ, ಅದಕ್ಕೇ ಸಿಟ್ಟು ಅಂತ ಅಪ್ಪಾನೇ ಹೇಳ್ತಿದ್ದಾರೆ,” ಎಂದು ಮೆಟ್ಟಿಲಿಳಿದಳು.

ನನ್ನ ಗಂಡ ಹೊರಗೆ ಬಂದರು. ಈ ಸಲ ಅವರು ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ. ನಾನೇ ಅವನ್ನು ಕೈಯಲ್ಲಿ ಹಿಡಿದು, ಬಾಗಿಲಿಗೆ ಬೀಗ ಹಾಕಿ, ಹಿಂದೆ ಓಡಿದೆ. ಹುಡುಗಿ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಮೂವರೂ ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದೆವು.

ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ. ಕಾಲನ್ನು ತೂಗುಹಾಕಿದ್ದರು. ಅಷ್ಟು ದೊಡ್ಡ ಮನುಷ್ಯ ಹಾಸಿಗೆಯಲ್ಲಿ ಕುಗ್ಗಿಹೋಗಿದ್ದರು. ನಮ್ಮನ್ನು ನೋಡಿ ಏಳಲು ಹೋಗಿ ನೋವಿಗೆ ಮುಖ ಕಿವುಚಿದರು.

“ಬಂದ್ಯಾ? ಬಾ, ಕೂತ್ಕೋ. ತಂಗಿ, ನೀನೂ ಬಾ. ಇಲ್ಲಿ ಟೀ ಅಂತ ಕೊಡ್ತಾರೆ, ಅದನ್ನ ಗಾಡಿ ತೊಳೆಯೋಕೆ ಬಳಸಬಹುದು.”

ನನ್ನ ಗಂಡ ಕೂರಲಿಲ್ಲ. “ಬೋರ್ಡ್ ಇತ್ತು ಅಂತ ಯಾಕೆ ಹೇಳ್ದೆ?” ಎಂದರು.

“ಇನ್ನೇನು ಹೇಳ್ಲಿ? ನಿನ್ನ ಬಾಮೈದ ಹೆದರಿಸಿದ್ದು ನನಗೆ ಗೊತ್ತಿಲ್ವಾ? ನನ್ನ ಕಾಲಂತೂ ಹೋಯ್ತು. ನಿನ್ನ ಜಾಗಾನೂ ಯಾಕೆ ಹೋಗಬೇಕು?”

“ಬೋರ್ಡ್ ಮನೇಲಿತ್ತು ಕಣೋ. ಅಕ್ಷರ ಮಾಸಿತ್ತು ಅಂತ ತಿದ್ದೋಕೆ ತಂದಿದ್ದೆ.”

ಹಾರ್ನ್ ಅಣ್ಣನ ಮುಖದಲ್ಲಿ ಏನೋ ಇಳಿದುಹೋಯಿತು.

“ತಿದ್ದೋಕಾ?” ಎಂದರು, ಆ ದನಿಗೆ ಹೊಂದದಷ್ಟು ಮೆಲ್ಲಗೆ. “ಶೆಡ್ಡಿನಿಂದ ನೋಡ್ದೆ, ಬೋರ್ಡ್ ಇರ್ಲಿಲ್ಲ. ತೆಗೆದುಬಿಟ್ಟ, ಮನಸ್ಸು ತಡೀಲಿಲ್ಲ ಇವನಿಗೆ ಅಂದ್ಕೊಂಡೆ. ಖುಷಿಯಾಯ್ತು ಕಣೋ. ಗಾಡೀನೂ ಪೂರ್ತಿ ತೊಳೆಸ್ಲಿಲ್ಲ. ಟೀಗೆ ಅಂತಾನೇ ಬರ್ತಿದ್ದೆ.”

ನನ್ನ ಗಂಡ ಮಂಚದ ಸರಳು ಹಿಡಿದುಕೊಂಡರು. ಅವರು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಳು ಬರದವರು ಅಳುವ ಹಾಗೆ, ಕೆಮ್ಮಿನಂತೆ ಅತ್ತರು. ಆಮೇಲೆ ಮೂಗೊರೆಸಿಕೊಂಡು ಹುಡುಗಿಯ ಕಡೆ ತಿರುಗಿದರು.

“ಬೋರ್ಡ್ ಇರ್ಲಿಲ್ಲಮ್ಮ. ಕಿಂಡಿ ತೆರೆದೇ ಇತ್ತು. ಚಪ್ಪಡಿ ಕದಲಿದ್ದೂ ನನಗೆ ಗೊತ್ತಿತ್ತು. ಎಲ್ಲಿ ಹೇಳಬೇಕು ಹೇಳು, ಬಂದು ಹೇಳ್ತೀನಿ.”

“ಏ, ಸುಮ್ಮನಿರೋ,” ಎಂದರು ಹಾರ್ನ್ ಅಣ್ಣ.

“ನೀನು ಸುಮ್ಮನಿರು.”

ಜಾಗ ಅಲ್ಲಿಗೆ ಹೋಯಿತು. ನನಗೆ ಗೊತ್ತಾಯಿತು. ಅವರ ಬಾಯಿ ಮುಚ್ಚಿಸಬೇಕೆನ್ನಿಸಿತು, ಸುಳ್ಳು ಹೇಳಲಾರೆ. ನನ್ನ ಪರ್ಸಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ತಮ್ಮನೇ ಇರಬೇಕು. ತೆಗೆದು ನೋಡದೆ ಆರಿಸಿದೆ. ಬೆರಳ ಸಂದಿಯ ಕೆಂಪು ಇನ್ನೂ ಅಲ್ಲೇ ಇತ್ತು.

ಹುಡುಗಿ ಅಪ್ಪನ ಹೊದಿಕೆ ಸರಿಮಾಡಿದಳು. ಕೊನೆಗೆ ಹಾರ್ನ್ ಅಣ್ಣನೇ ನನ್ನ ಕಡೆ ನೋಡಿದರು.

“ತಂಗಿ, ಅವತ್ತು ನನಗೂ ಟೀ ಇಟ್ಟಿದ್ದೆ ತಾನೇ?”

“ಇಟ್ಟಿದ್ದೆ ಅಣ್ಣಾ,” ಎಂದೆ. “ಮೂರು ಲೋಟ.”

ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. ಅವತ್ತು ನಾನು ಇಟ್ಟಿದ್ದು ಎರಡೇ ಲೋಟ.